ಮುದ್ರೆಯೂ ನಂಬಿಕೆಯೂ

ಅಂಗಡಿಗೆ ಹೋದ ಗಿರಾಕಿ ಕೇಳುವುದು ಬಹುಮಟ್ಟಿಗೆ ವಸ್ತುವನ್ನಲ್ಲ, ವಸ್ತುವಿನ ಮೇಲಣ ಗುರುತನ್ನು. ಆನೆ ಮಾರ್ಕಿನದು ಕೊಡಿ, ಕುದುರೆ ಮಾರ್ಕಿನದು ಬೇಡ, ಹೋದ ಸಲ ಕೊಟ್ಟಿರಲ್ಲ ಹಸುರು ಚೀಟಿಯದು, ಅದೇ ಇರಲಿ, ಹೀಗೆ ವ್ಯಾಪಾರ ನಡೆಯುತ್ತದೆ. 'ಮಾರ್ಕು' ಎಂಬ ಪದ ಹೊರಗಿನಿಂದ ಬಂದದ್ದಾದರೂ ಈಗ ಅದು ಮನೆಯ ಮಾತೇ ಆಗಿಹೋಗಿದೆ. ಓದುಬರಹ ಬಾರದ ಅಜ್ಜಿಯ ಬಾಯಲ್ಲೂ ಸಲೀಸಾಗಿ ಹೊರಳುತ್ತದೆ. ಅಷ್ಟೇ ಏಕೆ, ಅಂಥ ಅಜ್ಜಿಯರಿಗಾಗಿಯೇ ಮಾರ್ಕು ಬೆಳೆದುಬಂದಿತು ಎಂದರೂ ತಪ್ಪಾಗಲಾರದು.

ಟ್ರೇಡ್ ಮಾರ್ಕು, ಅಂದರೆ ವ್ಯಾಪಾರಮುದ್ರೆ, ವಕೀಲರಿಗೂ ದೊಡ್ಡ ಕಂಪನಿಗಳಿಗೂ ಸಂಬಂಧಿಸಿದ ಒಣ ವಿಷಯವೆಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಅದರ ಇತಿಹಾಸವನ್ನು ಸ್ವಲ್ಪ ಕೆದಕಿ ನೋಡಿದರೆ ಬೇರೆಯೇ ಕಥೆ ಹೊರಡುತ್ತದೆ. ಮುದ್ರೆ ಮೊದಲು ಒಡೆತನದ ಗುರುತಾಗಿತ್ತು. ಆಮೇಲೆ ತಯಾರಕನ ಮೇಲೆ ಹೊರಿಸಿದ ಹೊಣೆಯಾಯಿತು. ಬಹಳ ಕಾಲದ ನಂತರ ಅವನ ಆಸ್ತಿಯಾಯಿತು. ಆದರೆ ಈ ಎಲ್ಲ ಬದಲಾವಣೆಗಳ ನಡುವೆ ಅದಕ್ಕೆ ಬೆಲೆ ಬಂದದ್ದು ಕೊಳ್ಳುವವನ ನೆನಪಿನಿಂದಲೇ. ನೋಂದಾವಣೆಯ ಕಾಗದವನ್ನು ಸರಕಾರ ಕೊಡಬಹುದು. ನಂಬಿಕೆಯನ್ನು ಕೊಡುವವನು ಗಿರಾಕಿ. ಇವೆರಡರ ನಡುವಣ ಸಂಬಂಧ ಎಂಥದು ಎಂಬುದನ್ನು ನೋಡುವುದೇ ಈ ಲೇಖನದ ಉದ್ದೇಶ.

ನಮ್ಮ ದೇಶದಲ್ಲಿ ಈ ಕಥೆ ಸಿಂಧೂ ನಾಗರಿಕತೆಯಷ್ಟು ಹಿಂದಕ್ಕೆ ಹೋಗುತ್ತದೆ. ಗುಜರಾತಿನ ಲೋಥಲ್‌ನಲ್ಲಿ 1955ರಿಂದ ಉತ್ಖನನ ನಡೆಸಿದ ಶಿಕಾರಿಪುರ ರಂಗನಾಥರಾಯರು ಶಿವಮೊಗ್ಗ ಜಿಲ್ಲೆಯ ಆನಂದಪುರದಲ್ಲಿ ಹುಟ್ಟಿದವರು. ಅಲ್ಲಿನ ಉಗ್ರಾಣದ ಅವಶೇಷಗಳಲ್ಲಿ ಅವರಿಗೆ 60ಕ್ಕೂ ಹೆಚ್ಚು ಮಣ್ಣಿನ ಮುದ್ರೆಗಳು ದೊರೆತವು. ಅವುಗಳ ಒಂದು ಮಗ್ಗುಲಲ್ಲಿ ಪ್ರಾಣಿಯ ಚಿತ್ರವೂ ಲಿಪಿಯೂ ಒತ್ತಿದ್ದರೆ, ಇನ್ನೊಂದು ಮಗ್ಗುಲಲ್ಲಿ ಬಟ್ಟೆಯ ನೇಯ್ಗೆ, ಜೊಂಡು, ಹುರಿಹಗ್ಗಗಳ ಅಚ್ಚು ಮೂಡಿತ್ತು. ಎಂದರೆ ಅವು ಸರಕಿನ ಮೂಟೆಯ ಗಂಟಿಗೆ ಮೆತ್ತಿದ ಹಸಿಮಣ್ಣಿನ ಮುದ್ರೆಗಳು. ಉಗ್ರಾಣಕ್ಕೆ ಬೆಂಕಿ ಬಿದ್ದಾಗ ಸರಕು ಸುಟ್ಟುಹೋಯಿತು, ಮಣ್ಣು ಬೆಂದು ಉಳಿಯಿತು. ಆ ಲಿಪಿಯನ್ನು ಇಂದಿಗೂ ಸರ್ವಸಮ್ಮತವಾಗಿ ಓದಲಾಗಿಲ್ಲ. ಆದರೂ ಮುದ್ರೆ ಹೇಳುವ ಮಾತು ಮಾತ್ರ ಸ್ಪಷ್ಟ: ಈ ಗಂಟನ್ನು ನಡುವೆ ಯಾರೂ ಬಿಚ್ಚಿಲ್ಲ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುಂಕದ ಅಧಿಕಾರಿಯ ಕರ್ತವ್ಯಗಳನ್ನು ಹೇಳುವ ಪ್ರಕರಣವೊಂದಿದೆ. ಊರಬಾಗಿಲಿಗೆ ಬಂದ ವರ್ತಕರು ಯಾರು, ಎಲ್ಲಿಂದ ಬಂದರು, ಎಷ್ಟು ಸರಕು ತಂದಿದ್ದಾರೆ, ಅದಕ್ಕೆ ಅಭಿಜ್ಞಾನವೋ ಮುದ್ರೆಯೋ ಎಲ್ಲಿ ಬಿದ್ದಿದೆ ಎಂದು ಬರೆದುಕೊಳ್ಳಬೇಕು. ಮುದ್ರೆಯಿಲ್ಲದ ಸರಕಿಗೆ ಸುಂಕದ ಎರಡರಷ್ಟು ದಂಡ. ಕಳ್ಳಮುದ್ರೆಯ ಸರಕಿಗೆ ಎಂಟರಷ್ಟು. ಈ ಎರಡು ದಂಡಗಳ ಅಂತರದಲ್ಲಿ ಒಂದು ತತ್ತ್ವವೇ ಅಡಗಿದೆ. ಗುರುತು ಹಾಕದಿರುವುದು ಉದಾಸೀನ. ಇನ್ನೊಬ್ಬರ ಗುರುತನ್ನು ಹಾಕುವುದು ವಂಚನೆ. ಅಂದ ಹಾಗೆ ಇಲ್ಲಿ ಬರುವ 'ಅಭಿಜ್ಞಾನ' ಎಂಬ ಪದ ಕಾಳಿದಾಸನ ನಾಟಕದ ಹೆಸರಿನಲ್ಲಿರುವ ಪದವೇ ಆಗಿದೆ. ಶಕುಂತಲೆಯನ್ನು ದುಷ್ಯಂತನಿಗೆ ನೆನಪಿಸಿದ್ದೂ ಒಂದು ಹೆಸರು ಕೊರೆದ ಉಂಗುರ. ಮರೆತವನಿಗೆ ನೆನಪು ತರುವುದೇ ಗುರುತಿನ ಕೆಲಸ.

ಇನ್ನು ಕುಂಬಾರರ ಮುದ್ರೆಗಳದು ಮತ್ತೊಂದು ಸ್ವಾರಸ್ಯ. ಇಟಲಿಯ ಅರೆಝ್ಝೊ ಎಂಬ ಊರಿನಲ್ಲಿ ಕ್ರಿಸ್ತಶಕದ ಆರಂಭದ ಸುಮಾರಿಗೆ ನುಣುಪಾದ ಕೆಂಪು ಪಾತ್ರೆಗಳನ್ನು ಮಾಡುತ್ತಿದ್ದರು. ಕುಲುಮೆಯ ಒಡೆಯರು ಪಾತ್ರೆಯ ತಳದಲ್ಲಿ ತಮ್ಮ ಹೆಸರನ್ನು ಒತ್ತುತ್ತಿದ್ದರು. ಅಂಥ ಪಾತ್ರೆಗಳ ಚೂರುಗಳು ಪಾಂಡಿಚೇರಿಯ ಹತ್ತಿರದ ಅರಿಕಮೇಡಿನಲ್ಲಿ ಸಿಕ್ಕಿವೆ. 1945ರಲ್ಲಿ ಅಲ್ಲಿ ಅಗೆದ ಮಾರ್ಟಿಮರ್ ವ್ಹೀಲರರು ಆ ಚೂರುಗಳ ಕಾಲವನ್ನು ಆಧಾರವಾಗಿಟ್ಟುಕೊಂಡು, ಅವುಗಳ ಜೊತೆಯಲ್ಲಿ ಸಿಕ್ಕ ಬೇರೆ ಮಡಕೆಗಳ ಕಾಲವನ್ನು ಲೆಕ್ಕ ಹಾಕಿದರು. ಅದೇ ಜಾತಿಯ ಮಡಕೆಗಳನ್ನು ಅರಸಿ 1947ರಲ್ಲಿ ನಮ್ಮ ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳಿಗೆ ಬಂದು ಅಗೆದರು. ಅವರ ಲೆಕ್ಕವನ್ನು ಮುಂದಿನ ವಿದ್ವಾಂಸರು ಅಲ್ಲಲ್ಲಿ ತಿದ್ದಿದ್ದಾರೆ, ಅದು ಬೇರೆ ಮಾತು. ಎಲ್ಲಿಯೋ ಇಟಲಿಯ ಕುಂಬಾರನೊಬ್ಬ ತನ್ನ ಗಿರಾಕಿಗಾಗಿ ಒತ್ತಿದ ಹೆಸರು, ಎರಡು ಸಾವಿರ ವರ್ಷಗಳ ಮೇಲೆ ಕನ್ನಡ ನಾಡಿನ ಪ್ರಾಚೀನತೆಯನ್ನು ಅಳೆಯಲು ಒಂದು ಅಳತೆಗೋಲಾಯಿತು.

ಒಳ್ಳೆಯ ಹೆಸರಿದ್ದ ಕಡೆ ಕಳ್ಳ ಹೆಸರೂ ಉಂಟು. ರೋಮನ್ ಸಾಮ್ರಾಜ್ಯದ ಕಾಲದಲ್ಲಿ ಇಟಲಿಯ ಉತ್ತರ ಭಾಗದಲ್ಲಿ 'ಫೋರ್ಟಿಸ್' ಎಂಬ ಮುದ್ರೆಯ ಮಣ್ಣಿನ ಹಣತೆಗಳು ತಯಾರಾಗುತ್ತಿದ್ದವು. ಆ ಹೆಸರಿನ ಹಣತೆಗಳು ಸಾಮ್ರಾಜ್ಯದ ಮೂಲೆಮೂಲೆಗಳಲ್ಲಿ ಸಿಕ್ಕಿವೆ. ಅಷ್ಟು ಹಣತೆಗಳನ್ನು ಒಂದೇ ಕಾರ್ಖಾನೆ ಮಾಡಿತೆಂದರೆ ನಂಬುವುದು ಕಷ್ಟ. ಅವುಗಳಲ್ಲಿ ಅನೇಕ ಹಣತೆಗಳು ಅಸಲಿನಿಂದ ಅಚ್ಚು ತೆಗೆದು, ಹೆಸರು ಸಹಿತವಾಗಿ ಎರಕಹೊಯ್ದ ನಕಲುಗಳು. ಹಣತೆಯ ನಕಲಿಗೂ ಇಂದಿನ ಸಾಬೂನಿನ ನಕಲಿಗೂ ವಿಧಾನದಲ್ಲಿ ವ್ಯತ್ಯಾಸವಿರಬಹುದು, ಮನೋಧರ್ಮದಲ್ಲಿ ಏನೂ ಇಲ್ಲ.

ಮಧ್ಯಯುಗಕ್ಕೆ ಬಂದರೆ ಮುದ್ರೆಯ ಸ್ವರೂಪವೇ ಬದಲಾಗುತ್ತದೆ. ಇಂಗ್ಲೆಂಡಿನಲ್ಲಿ 1266ರ ಕಟ್ಟಳೆಯೊಂದರ ಪ್ರಕಾರ ರೊಟ್ಟಿ ಸುಡುವ ಪ್ರತಿಯೊಬ್ಬನೂ ತನ್ನ ರೊಟ್ಟಿಗೆ ಬೇರೆ ಬೇರೆ ಗುರುತು ಹಾಕಬೇಕಾಯಿತು. ಇದು ಅವನ ಕೀರ್ತಿಗಾಗಿ ಅಲ್ಲ. ತೂಕದಲ್ಲಿ ಕಡಿಮೆ ಬಂದರೆ ಯಾರನ್ನು ಹಿಡಿಯಬೇಕೆಂದು ತಿಳಿಯಲಿ ಎಂದು. 1363ರಲ್ಲಿ ಅಕ್ಕಸಾಲಿಗರಿಗೂ ಇದೇ ನಿಯಮ ಬಂತು. ಬೆಳ್ಳಿ ಬಂಗಾರದ ಒಡವೆಯ ಮೇಲೆ ಮಾಡಿದವನ ಗುರುತು ಇರಲೇಬೇಕಾಯಿತು. ಇಂದು ನಾವು ಆಭರಣದಂಗಡಿಯಲ್ಲಿ ಹಾಲ್‌ಮಾರ್ಕು ಎಂದು ಹುಡುಕುತ್ತೇವಲ್ಲ, ಆ ಹೆಸರು ಬಂದದ್ದು ಲಂಡನ್ನಿನ ಅಕ್ಕಸಾಲಿಗರ ಸಂಘದ ಭವನದಿಂದ, ಅಂದರೆ 'ಹಾಲ್'ನಿಂದ. ಕುಶಲಕರ್ಮಿಯ ದೃಷ್ಟಿಯಿಂದ ಮುದ್ರೆ ಆಗ ಒಂದು ಹಗ್ಗ. ತಪ್ಪು ಮಾಡಿದರೆ ಅದನ್ನು ಹಿಡಿದೇ ಎಳೆಯುತ್ತಿದ್ದರು.

ಈ ಹಗ್ಗ ಆಸ್ತಿಯಾಗಿ ಮಾರ್ಪಟ್ಟದ್ದು ಯಾವಾಗ? ಕಾನೂನಿನ ಚರಿತ್ರಕಾರರು ಸಾಮಾನ್ಯವಾಗಿ 1618ರ ಒಂದು ಇಂಗ್ಲಿಷ್ ಮೊಕದ್ದಮೆಯನ್ನು ತೋರಿಸುತ್ತಾರೆ. ಅದರ ಹೆಸರು ಸದರ್ನ್ ವಿರುದ್ಧ ಹೌ. ಮೊಕದ್ದಮೆ ನಡೆದದ್ದು ಬೇರೆ ವಿಷಯಕ್ಕೆ. ಅದರ ನಡುವೆ ನ್ಯಾಯಾಧೀಶ ಡಾಡರಿಜ್ ಹಳೆಯದೊಂದು ಪ್ರಕರಣವನ್ನು ನೆನಪಿಸಿಕೊಂಡರು. ಗ್ಲಾಸ್ಟರಿನ ಬಟ್ಟೆಯ ತಯಾರಕನೊಬ್ಬ ಒಳ್ಳೆಯ ಬಟ್ಟೆಗೆ ಹೆಸರಾಗಿದ್ದ. ಇನ್ನೊಬ್ಬ ಅವನ ಗುರುತನ್ನೇ ತನ್ನ ಕಳಪೆ ಬಟ್ಟೆಗೆ ಹಾಕಿ ಮಾರಿದ. ಅದಕ್ಕೆ ದಾವೆ ನಡೆಯಿತು. ಇಲ್ಲೊಂದು ವಿಚಿತ್ರವಿದೆ. ಆ ದಾವೆ ಹೂಡಿದವನು ಗುರುತಿನ ಒಡೆಯನೋ ಅಥವಾ ಮೋಸಹೋದ ಗಿರಾಕಿಯೋ ಎಂಬ ವಿಷಯದಲ್ಲಿ ಅಂದಿನ ವರದಿಗಾರರಲ್ಲೇ ಒಮ್ಮತವಿಲ್ಲ. ಒಬ್ಬರು ಹೀಗೆ ಬರೆದಿದ್ದಾರೆ, ಇನ್ನೊಬ್ಬರು ಹಾಗೆ ಬರೆದಿದ್ದಾರೆ. ಇದನ್ನು ಬರಿಯ ಲೇಖನದೋಷವೆಂದು ತಳ್ಳಿಹಾಕುವುದು ಸುಲಭ. ಆದರೆ ಈ ಕಾನೂನು ಯಾರ ರಕ್ಷಣೆಗಾಗಿ ಎಂಬ ಪ್ರಶ್ನೆ ಅದರ ತೊಟ್ಟಿಲಿನಲ್ಲೇ ಇತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಮುಂದೆ ಯಂತ್ರಯುಗ ಬಂದಿತು. ಮಾಡುವವನಿಗೂ ಕೊಳ್ಳುವವನಿಗೂ ಮುಖಪರಿಚಯ ತಪ್ಪಿಹೋಯಿತು. ಊರ ನೇಕಾರನ ಬಟ್ಟೆಗೆ ನೇಕಾರನ ಮುಖವೇ ಮುದ್ರೆ. ಏಳು ಸಮುದ್ರದಾಚೆಯ ಗಿರಣಿಯ ಬಟ್ಟೆಗೆ ಚೀಟಿಯೊಂದೇ ಮುಖ. ಇಂಗ್ಲೆಂಡಿನಲ್ಲಿ 1875ರಲ್ಲಿ ವ್ಯಾಪಾರಮುದ್ರೆಗಳ ನೋಂದಾವಣೆಯ ಕಾಯಿದೆಯಾಗಿ, 1876ರ ಜನವರಿ 1ರಂದು ಕಚೇರಿ ತೆರೆಯಿತು. ಅಲ್ಲಿಯ ಪುಸ್ತಕದಲ್ಲಿ ಮೊದಲನೆಯ ನಂಬರು ಪಡೆದದ್ದು ಬಾಸ್ ಎಂಬ ಬಿಯರ್ ಕಂಪನಿಯ ಕೆಂಪು ತ್ರಿಕೋನ. ಅಕ್ಷರವಿಲ್ಲದವನೂ ಗುರುತಿಸಬಹುದಾದ ಆಕೃತಿ ಎಂಬುದನ್ನು ಗಮನಿಸಬೇಕು. ಹತ್ತಿಬಟ್ಟೆಯ ಮುದ್ರೆಗಳ ಸಂಖ್ಯೆ ವಿಪರೀತವಾಗಿದ್ದುದರಿಂದ ಅವುಗಳಿಗಾಗಿ ಮ್ಯಾಂಚೆಸ್ಟರಿನಲ್ಲಿ ಪ್ರತ್ಯೇಕವಾದ ಕಚೇರಿಯನ್ನೇ ಇಡಬೇಕಾಯಿತು.

ಮ್ಯಾಂಚೆಸ್ಟರಿನ ಆ ಮುದ್ರೆಗಳಿಗೂ ನಮಗೂ ಹತ್ತಿರದ ಸಂಬಂಧವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಂದ ಹಡಗು ತುಂಬಿ ಬರುತ್ತಿದ್ದ ಥಾನುಗಳ ಮೇಲೆ ಬಣ್ಣಬಣ್ಣದ ಚೀಟಿಗಳನ್ನು ಅಂಟಿಸುತ್ತಿದ್ದರು. ಅವುಗಳ ಮೇಲೆ ಆನೆ, ಹುಲಿ, ನವಿಲು, ರಾಜ, ರಾಣಿ. ಅವುಗಳ ಜೊತೆಗೆ ನಮ್ಮ ಲಕ್ಷ್ಮಿ, ಕೃಷ್ಣ, ಗಣಪತಿ. ಸಂತೆಯಲ್ಲಿ ಬಟ್ಟೆ ಕೊಳ್ಳುವವರಲ್ಲಿ ಬಹುಪಾಲು ಜನಕ್ಕೆ ಇಂಗ್ಲಿಷ್ ಹಾಗಿರಲಿ, ತಮ್ಮ ಭಾಷೆಯ ಅಕ್ಷರವೂ ಬರುತ್ತಿರಲಿಲ್ಲ. ಚಿತ್ರವೇ ಅವರಿಗೆ ಲಿಪಿ. ನಮ್ಮ ಮಗ್ಗಗಳನ್ನು ಮೂಲೆಗೆ ತಳ್ಳಿದ ಬಟ್ಟೆ ನಮ್ಮ ದೇವರ ಚಿತ್ರವನ್ನೇ ಅಂಟಿಸಿಕೊಂಡು ಬಂದದ್ದು ಇತಿಹಾಸದ ವ್ಯಂಗ್ಯಗಳಲ್ಲಿ ಒಂದು. ಸ್ವದೇಶಿ ಚಳವಳಿಯ ಕಾಲಕ್ಕೆ ನಮ್ಮ ಗಿರಣಿಗಳೂ ಅದೇ ಉಪಾಯವನ್ನು ಕಲಿತು ತಮ್ಮ ಥಾನುಗಳಿಗೆ ತಮ್ಮ ಚಿತ್ರ ಅಂಟಿಸಿದವು.

ಇಷ್ಟೆಲ್ಲ ನಡೆದರೂ ಭಾರತದಲ್ಲಿ ಮುದ್ರೆಗಳನ್ನು ದಾಖಲಿಸುವ ಕಾಯಿದೆ ಇರಲಿಲ್ಲ. 1860ರ ದಂಡಸಂಹಿತೆಯಲ್ಲಿ ಕಳ್ಳಮುದ್ರೆಗೆ ಶಿಕ್ಷೆಯಿತ್ತು. 1889ರಲ್ಲಿ ಸರಕಿನ ಮುದ್ರೆಗಳ ಕಾಯಿದೆ ಬಂದಿತು. ಆದರೆ ಈ ಮುದ್ರೆ ನನ್ನದು ಎಂದು ಸರಕಾರದ ಪುಸ್ತಕದಲ್ಲಿ ಬರೆಸಿಕೊಳ್ಳುವ ಅವಕಾಶ ದೊರೆತದ್ದು 1940ರ ಕಾಯಿದೆಯಿಂದ. ಇಂಗ್ಲೆಂಡಿಗಿಂತ 65 ವರ್ಷ ತಡವಾಗಿ. ಸ್ವಾತಂತ್ರ್ಯಾನಂತರ ರಾಜಗೋಪಾಲ ಅಯ್ಯಂಗಾರರ ವರದಿಯ ಹಿನ್ನೆಲೆಯಲ್ಲಿ 1958ರ ಕಾಯಿದೆ ರೂಪುಗೊಂಡಿತು. ಈಗ ಜಾರಿಯಲ್ಲಿರುವುದು 1999ರ ಕಾಯಿದೆ. ಅದು 2003ರ ಸೆಪ್ಟೆಂಬರ್ 15ರಿಂದ ನಡೆದುಬಂದಿದೆ.

ಇಲ್ಲಿ ಕಾನೂನಿನ ದಾರಿಯನ್ನು ಒಂದು ಗಳಿಗೆ ಬಿಟ್ಟು ಕನ್ನಡ ಸಾಹಿತ್ಯದ ಕಡೆ ತಿರುಗಿದರೆ ತಪ್ಪಿಲ್ಲ. ಏಕೆಂದರೆ ನೋಂದಾವಣೆಯ ಕಚೇರಿಯಿಲ್ಲದೆಯೇ ಮುದ್ರೆಯನ್ನು ಕಾಪಾಡಿದ ಸಂಪ್ರದಾಯವೊಂದು ನಮ್ಮಲ್ಲಿಯೇ ಇದೆ. ಅದು ಅಂಕಿತ. ವಚನದ ಕೊನೆಗೆ 'ಕೂಡಲಸಂಗಮದೇವ' ಎಂದಿದ್ದರೆ ಬಸವಣ್ಣನವರದು, 'ಚೆನ್ನಮಲ್ಲಿಕಾರ್ಜುನ' ಎಂದಿದ್ದರೆ ಅಕ್ಕನದು ಎಂದು ಕೇಳಿದೊಡನೆ ತಿಳಿಯುತ್ತದೆ. ಹರಿದಾಸರಲ್ಲಿ ಗುರುವಿನಿಂದ ಅಂಕಿತ ಪಡೆಯುವುದೇ ಒಂದು ದೀಕ್ಷೆ. ಪುರಂದರವಿಠಲ, ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ: ಇವುಗಳಲ್ಲಿ 'ವಿಠಲ' ಎಲ್ಲರಿಗೂ ಸೇರಿದ್ದು, ಯಾವ ದಾಸರೂ ಅದನ್ನು ತಮ್ಮೊಬ್ಬರದೇ ಎಂದು ಹೇಳಲಿಲ್ಲ. ಅದರ ಹಿಂದೆ ಬರುವ ಪದವೇ ಒಬ್ಬರಿಂದ ಇನ್ನೊಬ್ಬರನ್ನು ಬೇರ್ಪಡಿಸುತ್ತದೆ. ಪ್ರಸಿದ್ಧವಾದ ಅಂಕಿತಗಳನ್ನಿಟ್ಟು ಯಾರೋ ಹೆಣೆದ ರಚನೆಗಳೂ ಸೇರಿಕೊಂಡಿರುವುದುಂಟು. ಅವನ್ನು ಬೇರ್ಪಡಿಸಲು ನಮ್ಮ ಸಂಪಾದಕರು ಪಟ್ಟಿರುವ ಪಾಡು ಅಷ್ಟಿಷ್ಟಲ್ಲ. ಅವರು ನೋಡುವುದು ಅಂಕಿತವೊಂದನ್ನೇ ಅಲ್ಲ. ಭಾಷೆ, ಭಾವ, ಓಲೆಯ ಹಳಮೆ ಎಲ್ಲವನ್ನೂ ಕೂಡಿಸಿ ನೋಡುತ್ತಾರೆ. ನ್ಯಾಯಾಲಯಗಳು ಹಿಡಿದ ದಾರಿಯೂ ಇದಕ್ಕೆ ಬಹಳ ದೂರವಲ್ಲ ಎಂಬುದು ಮುಂದಿನ ಪ್ರಕರಣಗಳಿಂದ ತಿಳಿಯುತ್ತದೆ.

ಮೊದಲನೆಯದು ಹೊಲಿಗೆಯ ದಾರದ ಮೊಕದ್ದಮೆ. ಜೇಮ್ಸ್ ಚಾಡ್ವಿಕ್ ಎಂಬ ಇಂಗ್ಲಿಷ್ ಕಂಪನಿಯ ದಾರದ ಮೇಲೆ ಗರುಡಪಕ್ಷಿಯ ಗುರುತು. ಚಿದಂಬರಂನ ನ್ಯಾಷನಲ್ ಸ್ಯೂಯಿಂಗ್ ಥ್ರೆಡ್ ಕಂಪನಿಯ ದಾರದ ಮೇಲೂ ರೆಕ್ಕೆ ಹರಡಿದ ಹಕ್ಕಿಯ ಚಿತ್ರ, 'ಈಗಲ್ ಬ್ರ್ಯಾಂಡ್' ಎಂಬ ಹೆಸರು. ಇಂಗ್ಲಿಷ್ ಕಂಪನಿ ಆಕ್ಷೇಪಿಸಿತು. ಆಗ ಚಿದಂಬರಂನವರು 'ಈಗಲ್' ಎಂಬುದನ್ನು ಅಳಿಸಿ 'ವಲ್ಚರ್' ಎಂದು ಬರೆದುಕೊಂಡು ನೋಂದಾವಣೆ ಕೇಳಿದರು. ಗರುಡ ರಣಹದ್ದಾಯಿತು, ಹಕ್ಕಿ ಮಾತ್ರ ರೆಕ್ಕೆ ಹರಡಿಕೊಂಡು ಹಾಗೆಯೇ ಇತ್ತು. 1953ರಲ್ಲಿ ಸುಪ್ರೀಂ ಕೋರ್ಟು ಈ ಕೋರಿಕೆಯನ್ನು ಒಪ್ಪಲಿಲ್ಲ. ಗೊಂದಲ ಉಂಟಾಗುವುದಿಲ್ಲವೆಂದು ಸಾಧಿಸಿ ತೋರಿಸುವ ಹೊಣೆ ನೋಂದಾವಣೆ ಕೇಳಿ ಬಂದವನದೇ ಹೊರತು ಆಕ್ಷೇಪಿಸಿದವನದಲ್ಲ ಎಂಬುದು ಅಲ್ಲಿ ಸ್ಥಿರಪಟ್ಟಿತು. ಅಕ್ಷರ ಬಲ್ಲವನಿಗೆ ಗರುಡವೂ ರಣಹದ್ದೂ ಬೇರೆ ಬೇರೆ ಪದಗಳು. ದಾರ ಕೊಳ್ಳಲು ಬಂದ ದರ್ಜಿಗೆ ಅವೆರಡೂ ಚೀಟಿಯ ಮೇಲಿನ ಒಂದೇ ಹಕ್ಕಿ.

ಎರಡನೆಯದು ಔಷಧಿಯ ಮೊಕದ್ದಮೆ. 'ಅಮೃತಧಾರಾ' ಎಂಬ ಔಷಧ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಾಹೋರಿನಲ್ಲಿ ಹುಟ್ಟಿತು. ದೇಶವಿಭಜನೆಯಾದಾಗ ಅದರ ಮಾಲೀಕರು ಗಡಿ ದಾಟಿ ಡೆಹ್ರಾಡೂನಿಗೆ ಬಂದರು. ಕಾನ್ಪುರದಲ್ಲಿ 1923ರಿಂದ 'ಲಕ್ಷ್ಮಣಧಾರಾ' ಎಂಬ ಇನ್ನೊಂದು ಔಷಧ ನಡೆದುಬಂದಿತ್ತು. ತಲೆನೋವು, ಅತಿಸಾರ ಮುಂತಾದವುಗಳಿಗೆ ಎರಡೂ ಮದ್ದು. 1950ರಲ್ಲಿ ಲಕ್ಷ್ಮಣಧಾರಾದವರು ನೋಂದಾವಣೆ ಕೇಳಿದರು, ಅಮೃತಧಾರಾದವರು ಆಕ್ಷೇಪಿಸಿದರು. ವ್ಯಾಕರಣ ಬಲ್ಲವರು 'ಅಮೃತ' ಎಲ್ಲಿ, 'ಲಕ್ಷ್ಮಣ' ಎಲ್ಲಿ, 'ಧಾರಾ' ಎಂಬುದು ಎಲ್ಲರ ಪದವಲ್ಲವೆ ಎಂದು ಸಮಾಸವನ್ನು ಬಿಡಿಸಿ ವಾದಿಸಬಹುದು. 1962ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹಾಗೆ ಬಿಡಿಸಿ ನೋಡಲು ನಿರಾಕರಿಸಿತು. ಕೊಳ್ಳುವವರು ಹಳ್ಳಿಯವರೂ ಹೌದು, ಪಟ್ಟಣದವರೂ ಹೌದು. ಓದಿದವರೂ ಓದದವರೂ ಹೌದು. ಸಾಧಾರಣ ಬುದ್ಧಿಯ, ಹಿಂದೆ ಕೊಂಡದ್ದರ ಅರೆನೆನಪು ಮಾತ್ರ ಇರುವ ಮನುಷ್ಯನ ಕಿವಿಗೆ ಇಡೀ ಹೆಸರು ಹೇಗೆ ಕೇಳಿಸುತ್ತದೆ ಎಂಬುದೇ ಅಳತೆ. ಆ ಅಳತೆಯಲ್ಲಿ ಎರಡು ಹೆಸರುಗಳೂ ಮೋಸಗೊಳಿಸುವಷ್ಟು ಹತ್ತಿರ ಎಂದು ನ್ಯಾಯಾಲಯ ಹೇಳಿತು.

ಆದರೆ ತೀರ್ಪು ಅಷ್ಟಕ್ಕೇ ಮುಗಿಯಲಿಲ್ಲ. ಲಕ್ಷ್ಮಣಧಾರಾ ಎಷ್ಟೋ ವರ್ಷ ಕಣ್ಣೆದುರಿಗೇ ಮಾರಾಟವಾಗುತ್ತಿದ್ದರೂ ಅಮೃತಧಾರಾದವರು ಸುಮ್ಮನಿದ್ದರು. ಆದ್ದರಿಂದ ಲಕ್ಷ್ಮಣಧಾರಾಕ್ಕೆ ಉತ್ತರಪ್ರದೇಶದ ಮಟ್ಟಿಗೆ ನೋಂದಾವಣೆ ದೊರೆಯಲಿ ಎಂದು ರಿಜಿಸ್ಟ್ರಾರರು ಮಾಡಿದ್ದ ಆಜ್ಞೆಯನ್ನೇ ನ್ಯಾಯಾಲಯ ಎತ್ತಿಹಿಡಿಯಿತು. ಗೆದ್ದೂ ಪೂರ್ತಿ ಗೆಲ್ಲದ ಈ ಮೊಕದ್ದಮೆಯಿಂದ ವ್ಯಾಪಾರಿಗಳು ಕಲಿಯಬೇಕಾದ ಪಾಠ ದೊಡ್ಡದು. ಹೊಲದ ಬದು ಒತ್ತಿಕೊಂಡು ಬರುತ್ತಿರುವಾಗ ಸುಮ್ಮನಿದ್ದವನ ಹಕ್ಕು ಹೇಗೆ ಸವೆಯುತ್ತದೆಯೋ ಮುದ್ರೆಯ ಹಕ್ಕೂ ಹಾಗೆಯೇ ಸವೆಯುತ್ತದೆ.

ಮೂರನೆಯದು ನಮ್ಮ ಕರ್ನಾಟಕದ್ದೇ. ಹಾಲು ಮಹಾಮಂಡಲವು 1985ರಿಂದ 'ನಂದಿನಿ' ಎಂಬ ಹೆಸರನ್ನು ಬಳಸುತ್ತಿದೆ. ಬೆಳಗಾದರೆ ಆ ಹೆಸರು ನಮ್ಮ ಮನೆಬಾಗಿಲಲ್ಲಿರುತ್ತದೆ. 1989ರಲ್ಲಿ 'ನಂದಿನಿ ಡಿಲಕ್ಸ್' ಎಂಬ ಹೋಟೆಲು ಆರಂಭವಾಯಿತು. ಹೋಟೆಲಿನವರು ತಮ್ಮ ಹೆಸರನ್ನು ಮಾಂಸ, ಮೀನು, ಕಾಫಿ, ಚಹ ಮೊದಲಾದ ಪದಾರ್ಥಗಳಿಗೆ ನೋಂದಾಯಿಸಲು ಕೇಳಿದಾಗ ಮಹಾಮಂಡಲ ಆಕ್ಷೇಪಿಸಿತು. ಅಧಿಕಾರಿಯ ಮುಂದೆ ಹೋಟೆಲಿಗೆ ಗೆಲುವಾಯಿತು; ಮೇಲ್ಮನವಿಯ ಮಂಡಲಿಯಲ್ಲಿಯೂ ಹೈಕೋರ್ಟಿನಲ್ಲಿಯೂ ಮಹಾಮಂಡಲ ಗೆದ್ದಿತು; 2018ರ ಜುಲೈ 26ರಂದು ಸುಪ್ರೀಂ ಕೋರ್ಟು ಮತ್ತೆ ಹೋಟೆಲಿನ ಪರವಾಗಿ ತೀರ್ಪು ಕೊಟ್ಟಿತು. ನಂದಿನಿ ಎಂಬುದು ಯಾರೋ ಹೊಸದಾಗಿ ಕಟ್ಟಿದ ಪದವಲ್ಲ, ಪುರಾಣದ ಹಸುವಿನ ಹೆಸರು, ದೇವಿಯ ಹೆಸರು. ಎರಡರ ಚಿತ್ರಗಳು ಬೇರೆ, ಪದಾರ್ಥಗಳು ಬೇರೆ. ಹಾಲು ಮತ್ತು ಹಾಲಿನ ಪದಾರ್ಥಗಳ ಮೇಲೆ ಹೋಟೆಲಿನವರಿಗೆ ಹಕ್ಕಿಲ್ಲ. ಹೋಟೆಲು ಹುಟ್ಟುವ ವೇಳೆಗೆ, ನಾಲ್ಕೈದು ವರ್ಷಗಳಲ್ಲಿ, ಆ ಹೆಸರು ಹಾಲಿನೊಡನೆ ಬಿಡಿಸಲಾಗದಂತೆ ಬೆಸೆದುಹೋಗಿತ್ತೆಂಬುದೂ ಸಿದ್ಧವಾಗಲಿಲ್ಲ.

ಈ ತೀರ್ಪು ಎಲ್ಲರಿಗೂ ಹಿಡಿಸಿರಲಾರದು. ಹಾಲಿನ ನಂದಿನಿಯನ್ನು ನಂಬಿದವನು ಹೋಟೆಲಿನ ಹಲಗೆಯನ್ನು ಕಂಡು ಒಂದು ಕ್ಷಣ ತಡವರಿಸುವುದಿಲ್ಲವೆ ಎಂದು ಕೇಳುವವರಿದ್ದಾರೆ, ಕೇಳತಕ್ಕ ಮಾತೇ. ಆದರೆ ನನಗೆ ಇದು ಸರಿಯಾದ ತೀರ್ಪೆಂದೇ ತೋರುತ್ತದೆ. ದೇವರ ಹೆಸರು, ನದಿಯ ಹೆಸರು, ಹಸುಕರುವಿನ ಹೆಸರು ಇವು ನಾವೆಲ್ಲರೂ ಹಿರಿಯರಿಂದ ಪಡೆದ ಸೊತ್ತು. ನಂದಿನಿ ಎಂಬ ಹಾಲು ನನ್ನದು ಎನ್ನುವುದು ನ್ಯಾಯ. ನಂದಿನಿ ಎಂಬ ಪದವೇ ನನ್ನದು ಎನ್ನುವುದು ಬೇರೆ. ದಾಸರ ವಿಠಲನಂತೆಯೇ ಇದೂ. ಬೇಲಿ ಹಾಕಬೇಕಾದದ್ದು ಗಿರಾಕಿ ಮೋಸಹೋಗುವ ಜಾಗಕ್ಕೆ; ಭಾಷೆಯ ಗೋಮಾಳಕ್ಕಲ್ಲ.

ಹೀಗಿರುವಾಗ ಹಪ್ಪಳ, ಉಪ್ಪಿನಕಾಯಿ, ಸಾರಿನಪುಡಿ, ಊದುಬತ್ತಿಗಳನ್ನು ಮನೆಯಲ್ಲೋ ಸಣ್ಣ ಕಾರ್ಖಾನೆಯಲ್ಲೋ ಮಾಡಿ ಹೆಸರು ಗಳಿಸಿದವರು ಏನು ಮಾಡಬೇಕು? ಮೊದಲು, ನೋಂದಾವಣೆ ಸಿಗುವಂಥ ಹೆಸರನ್ನು ಆರಿಸಿಕೊಳ್ಳಬೇಕು. 'ರುಚಿಯಾದ ಉಪ್ಪಿನಕಾಯಿ' ಎಂಬುದು ಗುಣವನ್ನು ಹೇಳುತ್ತದೆಯೇ ಹೊರತು ಮಾಡಿದವರನ್ನು ತೋರಿಸುವುದಿಲ್ಲ. ಆದ್ದರಿಂದ ಅಂಥದನ್ನು ಸಾಮಾನ್ಯವಾಗಿ ಒಬ್ಬರಿಗೇ ಬಿಟ್ಟುಕೊಡುವುದಿಲ್ಲ. ಕೇವಲ ಊರಿನ ಹೆಸರಿಗೂ ಇದೇ ತೊಡಕು. ವಸ್ತುಗಳನ್ನೂ ಸೇವೆಗಳನ್ನೂ ಒಟ್ಟು 45 ವರ್ಗಗಳಾಗಿ ವಿಂಗಡಿಸಿದ್ದಾರೆ. ತಮ್ಮ ಸರಕು ಯಾವ ವರ್ಗದ್ದೆಂದು ನೋಡಿ ಅರ್ಜಿ ಕೊಡಬೇಕು. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಸೇರುತ್ತವೆ. ಪರೀಕ್ಷೆಯಾದ ಮೇಲೆ ಮುದ್ರೆಯನ್ನು ಸರಕಾರದ ವ್ಯಾಪಾರಮುದ್ರೆಗಳ ಪತ್ರಿಕೆಯಲ್ಲಿ ಪ್ರಕಟಿಸುತ್ತಾರೆ. ನಾಲ್ಕು ತಿಂಗಳೊಳಗಾಗಿ ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪವಿಲ್ಲದಿದ್ದರೆ, ಅಥವಾ ಆಕ್ಷೇಪ ನಿಲ್ಲದಿದ್ದರೆ, ನೋಂದಾವಣೆಯಾಗುತ್ತದೆ. ಅದರ ಅವಧಿ 10 ವರ್ಷ. ಮತ್ತೆ ಮತ್ತೆ ಹತ್ತು ಹತ್ತು ವರ್ಷ ಮುಂದುವರಿಸಿಕೊಳ್ಳಬಹುದು. ಪುಸ್ತಕದ ಹಕ್ಕಿಗೂ ಯಂತ್ರದ ಪೇಟೆಂಟಿಗೂ ಕಾಲಮಿತಿಯಿದೆ; ಬಳಸುತ್ತಿರುವವರೆಗೆ ಮುದ್ರೆಗೆ ಮಾತ್ರ ಮುಪ್ಪಿಲ್ಲ.

'ಬಳಸುತ್ತಿರುವವರೆಗೆ' ಎಂಬ ಮಾತನ್ನು ಒತ್ತಿ ಹೇಳಬೇಕು. ನೋಂದಾಯಿಸಿ ಪೆಟ್ಟಿಗೆಯಲ್ಲಿಟ್ಟು ಐದು ವರ್ಷಕ್ಕೂ ಮೀರಿ ಬಳಸದಿದ್ದರೆ ಅದನ್ನು ಪುಸ್ತಕದಿಂದ ತೆಗೆಸಲು ಬೇರೆಯವರು ಕೇಳಬಹುದು. ಇನ್ನೊಂದು ಕಡೆ, ನೋಂದಾಯಿಸದೆ ಇದ್ದರೂ ಪ್ರಾಮಾಣಿಕವಾಗಿ ಮೊದಲಿನಿಂದ ಬಳಸುತ್ತ ಬಂದವನನ್ನು, ಆಮೇಲೆ ಬಂದು ನೋಂದಾಯಿಸಿಕೊಂಡವನು ಒಕ್ಕಲೆಬ್ಬಿಸುವಂತಿಲ್ಲ. ತನ್ನ ಸರಕನ್ನು ಇನ್ನೊಬ್ಬನ ಸರಕೆಂದು ನಂಬಿಸಿ ಮಾರುವವನ ಮೇಲೆ, ಮುದ್ರೆ ನೋಂದಾವಣೆಯಾಗಿರದಿದ್ದರೂ, ದಾವೆ ಹೂಡಬಹುದು. ಹಾಗಾದರೆ ನೋಂದಾವಣೆಯೇ ಬೇಡವೆ ಎಂದರೆ, ಅದು ಸರಿಯಲ್ಲ. ಕಾಗದವಿಲ್ಲದವನು ತನ್ನ ಖ್ಯಾತಿಯನ್ನು ಹಳೆಯ ಬಿಲ್ಲು, ಜಾಹೀರಾತು, ಸಾಕ್ಷಿಗಳಿಂದ ಪ್ರತಿಸಲವೂ ಹೊಸದಾಗಿ ಸಾಧಿಸಬೇಕು; ಕಾಗದವಿದ್ದವನಿಗೆ ಆ ಬವಣೆ ಬಹುಮಟ್ಟಿಗೆ ತಪ್ಪುತ್ತದೆ. ಮೊಕದ್ದಮೆಯ ಖರ್ಚಿಗೆ ಅಂಜುವ ಸಣ್ಣ ತಯಾರಕರಿಗೆ ಇದೇನೂ ಅಲ್ಪ ಲಾಭವಲ್ಲ.

ಮುದ್ರೆ ಅತಿಯಾಗಿ ಪ್ರಸಿದ್ಧವಾಗುವುದೂ ಅಪಾಯವೇ. ಚಾಲುಕ್ಯರ ಲಾಂಛನ ವರಾಹ. ಅದನ್ನು ಹೊತ್ತ ನಾಣ್ಯಕ್ಕೆ ವರಾಹವೆಂದೇ ಹೆಸರಾಯಿತು. ಕಡೆಗೆ ಹಂದಿಯ ಚಿತ್ರವೇ ಇಲ್ಲದ ಚಿನ್ನದ ನಾಣ್ಯವನ್ನೂ ಜನ ವರಾಹವೆಂದರು. ವ್ಯಾಪಾರದಲ್ಲೂ ಹೀಗಾಗುತ್ತದೆ. ಆಸ್ಪಿರಿನ್ ಎಂಬುದು ಮೊದಲು ಒಂದು ಜರ್ಮನ್ ಕಂಪನಿಯ ಮುದ್ರೆ. ಅದು ಮಾತ್ರೆಯ ಸಾಮಾನ್ಯ ಹೆಸರೇ ಆಗಿಹೋದುದರಿಂದ 1921ರಲ್ಲಿ ಅಮೆರಿಕದ ನ್ಯಾಯಾಲಯವೊಂದು ಜನಸಾಮಾನ್ಯರ ಮಟ್ಟಿಗೆ ಆ ಹೆಸರು ಎಲ್ಲರದೂ ಎಂದಿತು. ನಮ್ಮ ಬೀದಿಗಳಲ್ಲಿ ನೆರಳಚ್ಚು ತೆಗೆಯುವ ಅಂಗಡಿಗಳಿಗೆಲ್ಲ 'ಜೆರಾಕ್ಸ್' ಎಂದೇ ಹೆಸರು. ಮುದ್ರೆಗೆ ಪ್ರಾಣ ಕೊಟ್ಟ ಜನರ ನಾಲಗೆಯೇ ಅದರ ಪ್ರಾಣ ತೆಗೆಯಲೂ ಬಲ್ಲುದು.

ಕೊನೆಯದಾಗಿ ನಮ್ಮ ನಾಡಿನ ಹೆಮ್ಮೆಯ ಮುದ್ರೆಯೊಂದರ ಮಾತು. ಮೊದಲನೆಯ ಮಹಾಯುದ್ಧದಿಂದ ಮೈಸೂರಿನ ಗಂಧದ ಮರ ಯೂರೋಪಿಗೆ ಹೋಗುವುದು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಇಲ್ಲಿಯೇ ಗಂಧದೆಣ್ಣೆ ತೆಗೆಯುವ ಕೆಲಸ ಆರಂಭವಾಯಿತು. ಅದರಿಂದ ಮೈಸೂರು ಸ್ಯಾಂಡಲ್ ಸಾಬೂನು ಹುಟ್ಟಿತು. ಸಿಂಹದ ಮೈ, ಆನೆಯ ತಲೆಯ ಶರಭ ಅದರ ಲಾಂಛನ. ಈಗ ಆ ಸಾಬೂನಿಗೆ ವ್ಯಾಪಾರಮುದ್ರೆಯ ರಕ್ಷಣೆಯ ಜೊತೆಗೆ, ಊರಿನ ಹೆಸರಿಗೂ ಊರಿನ ಕಸುಬಿಗೂ ಇರುವ ನಂಟನ್ನು ಕಾಪಾಡುವ ಭೌಗೋಳಿಕ ಗುರುತಿನ ರಕ್ಷಣೆಯೂ ಇದೆ. ಇಷ್ಟಾದರೂ 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಅದೇ ಹೆಸರಿನ, ಅದೇ ಪೆಟ್ಟಿಗೆಯ ನಕಲಿ ಸಾಬೂನು ತಯಾರಾಗುತ್ತಿದ್ದುದು ಪತ್ತೆಯಾಯಿತು. ಫೋರ್ಟಿಸ್ ಹಣತೆಯ ಕಾಲದಿಂದ ಕಳ್ಳರ ಕೈಚಳಕ ಏನೂ ಕಡಿಮೆಯಾಗಿಲ್ಲ.

ನಕಲು ಮಾಡುವವನನ್ನು ಹಿಡಿಯಲು ಕಾಯಿದೆಯಿದೆ, ಪೊಲೀಸರಿದ್ದಾರೆ. ಆದರೆ ಮುದ್ರೆಗೆ ಇನ್ನೊಬ್ಬ ಶತ್ರುವೂ ಉಂಟು. ಅವನು ಮುದ್ರೆಯ ಒಡೆಯನೇ. ಹೆಸರು ನಿಂತ ಮೇಲೆ ಎಣ್ಣೆಯನ್ನು ತೆಳ್ಳಗೆ ಮಾಡುವವನು, ತೂಕವನ್ನು ಇಳಿಸುವವನು, ತನ್ನ ಗುರುತನ್ನು ತಾನೇ ನಕಲು ಮಾಡಿದಂತೆ. ಅವನ ಮೇಲೆ ವ್ಯಾಪಾರಮುದ್ರೆಯ ಕಾಯಿದೆ ಕೈಮಾಡುವುದಿಲ್ಲ. ನೋಂದಾವಣೆಯ ಪತ್ರ ಅವನ ಗೋಡೆಯ ಮೇಲೆ ಭದ್ರವಾಗಿಯೇ ಇರುತ್ತದೆ. 1266ರಲ್ಲಿ ರೊಟ್ಟಿಯ ಮೇಲೆ ಗುರುತು ಹಾಕಿಸಿದವರಿಗೆ ಮುಖ್ಯವಾಗಿದ್ದದ್ದು ರೊಟ್ಟಿಯ ತೂಕ. ಮುದ್ರೆ ಆಸ್ತಿಯಾಗಿ ಬೆಳೆದ ಮೇಲೆ ಆ ಹಳೆಯ ಹೊಣೆಯ ನೆನಪು ಮಸುಕಾಗಿದೆ. ಹೋದ ಸಲ ಕೊಂಡದ್ದೇ ಬೇಕೆಂದು ಹಸುರು ಚೀಟಿಯತ್ತ ಕೈತೋರಿಸುವ ಗಿರಾಕಿ ಮಾತ್ರ ಅದನ್ನು ಮರೆತಿಲ್ಲ. ಚೀಟಿ ಅದೇ ಇದ್ದು ಒಳಗಿನದು ಬದಲಾಗಿದ್ದರೆ, ಅವನು ಮೊಕದ್ದಮೆ ಹೂಡುವುದಿಲ್ಲ, ಜಗಳವಾಡುವುದಿಲ್ಲ. ಮುಂದಿನ ಸಲ ಪಕ್ಕದ ಚೀಟಿಯತ್ತ ಕೈತೋರಿಸುತ್ತಾನೆ.